ಕಿರಿಯರ ಹಾಕಿ ತರಬೇತಿಗೆ ಅಂಕಿ-ಅಂಶ ಬಳಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

10ರಿಂದ 18 ವರ್ಷದೊಳಗಿನ ಮಕ್ಕಳಿಗೆ ಹಾಕಿ ಕಲಿಸುವವರು ಕೇಳುವ ಪ್ರಶ್ನೆಗಳಿವು. ಒಂದು ಹಾಳೆ, ಪೆನ್ಸಿಲ್, ಸ್ಟಾಪ್‌ವಾಚ್, ಮೊಬೈಲ್ ಇಷ್ಟೇ ಕೈಯಲ್ಲಿರುವ ಕೋಚ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇವೆ. ಜಿಪಿಎಸ್ ಜಾಕೆಟ್ ಇರುವವರಿಗೂ ಅರ್ಧಕ್ಕಿಂತ ಹೆಚ್ಚು ಭಾಗ ಅನ್ವಯಿಸುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಎಣಿಸುವುದಕ್ಕೆ ಮೊದಲು ಒಂದು ಪ್ರಶ್ನೆ ಬರೆದುಕೊಳ್ಳಿ. "ನಮ್ಮ ತಂಡ ಹೇಗೆ ಆಡುತ್ತಿದೆ" ಅನ್ನುವುದು ಪ್ರಶ್ನೆಯೇ ಅಲ್ಲ. "ಎದುರಾಳಿಯ ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಎಡಗಡೆಯಿಂದ ಅಷ್ಟು ಸಲ ಹೋಗುತ್ತೇವೆ, ಗೋಲಿಗೆ ಹೊಡೆತ ಯಾಕೆ ಬರುತ್ತಿಲ್ಲ" ಅನ್ನುವುದು ಪ್ರಶ್ನೆ. ಆಮೇಲೆ ಇನ್ನೊಂದು ಪರೀಕ್ಷೆ: ಉತ್ತರ ಹೀಗೆ ಬಂದರೆ ಮಂಗಳವಾರದ ಪ್ರಾಕ್ಟೀಸ್‌ನಲ್ಲಿ ಏನು ಮಾಡುತ್ತೇನೆ, ಹಾಗೆ ಬಂದರೆ ಏನು ಮಾಡುತ್ತೇನೆ? ಎರಡಕ್ಕೂ ನೀವು ಮಾಡುವುದು ಒಂದೇ ಆದರೆ ಅದನ್ನು ಎಣಿಸುವ ಶ್ರಮವೇ ಬೇಡ.

ಒಂದು ಸೀಸನ್‌ಗೆ ಇಂಥ ಎರಡು ಅಥವಾ ಮೂರು ಪ್ರಶ್ನೆ ಸಾಕು. ಹನ್ನೆರಡು ಅಂಶಗಳನ್ನು ಒಟ್ಟಿಗೆ ಎಣಿಸಲು ಹೊರಟವರು ಮೂರನೇ ಮ್ಯಾಚ್‌ಗೆ ಹಾಳೆ ತರುವುದನ್ನೇ ಬಿಡುತ್ತಾರೆ.

12 ವರ್ಷದೊಳಗಿನ ಮಕ್ಕಳ ಬಗ್ಗೆ ಏನು ಎಣಿಸಬೇಕು?

ಮಕ್ಕಳನ್ನಲ್ಲ, ಪ್ರಾಕ್ಟೀಸನ್ನು ಎಣಿಸಿ. 60 ನಿಮಿಷದ ಅವಧಿಯಲ್ಲಿ ಒಂದೇ ಒಂದು ಮಗುವಿನ ಮೇಲೆ ಕಣ್ಣಿಡಲು ಯಾರಿಗಾದರೂ ಹೇಳಿ. ಅವರ ಕೈಯಲ್ಲಿ ಸ್ಟಾಪ್‌ವಾಚ್ ಇರಲಿ: ಮಗು ಆಡುತ್ತಿರುವಾಗ ಓಡಲಿ, ಸಾಲಿನಲ್ಲಿ ನಿಂತಾಗ, ಕೋಚ್ ಮಾತು ಕೇಳುವಾಗ, ಕೋನ್ ಜೋಡಿಸುವುದನ್ನು ಕಾಯುವಾಗ ನಿಲ್ಲಲಿ. ಜೊತೆಗೆ ಬಾಲ್ ಮುಟ್ಟಿದ ಪ್ರತಿ ಸಲಕ್ಕೂ ಒಂದು ಗೀಟು. ಯಾವ ಮಗು ಅನ್ನುವುದನ್ನು ಮಗುವಿಗೂ ಹೇಳಬೇಡಿ, ಕೋಚ್‌ಗೂ ಹೇಳಬೇಡಿ. ಇಲ್ಲದಿದ್ದರೆ ಆವತ್ತು ಇಬ್ಬರೂ ಬೇರೆ ಥರವೇ ನಡೆದುಕೊಳ್ಳುತ್ತಾರೆ.

ಗಂಟೆಯ ಕೊನೆಗೆ ಬರುವ ಸಂಖ್ಯೆ ಹೆಚ್ಚಿನವರಿಗೆ ಇರುಸುಮುರುಸು ತರುತ್ತದೆ. ಒಂದೇ ಗೋಲಿನ ಮುಂದೆ ಎಂಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬರಿಗೆ 8 ಸೆಕೆಂಡ್ ತಗಲುವ ಡ್ರಿಲ್ ಮಾಡಿಸಿದರೆ ಪ್ರತಿ ಮಗು 56 ಸೆಕೆಂಡ್ ನಿಂತು 8 ಸೆಕೆಂಡ್ ಆಡುತ್ತದೆ. ಅದೇ ಎಂಟು ಮಕ್ಕಳನ್ನು ನಾಲ್ಕು ಜೋಡಿ ಮಾಡಿದರೆ, ಅಥವಾ ಇಬ್ಬರಿಗಿಬ್ಬರಂತೆ ಎರಡು ಚಿಕ್ಕ ಅಂಗಳಗಳಲ್ಲಿ ಆಡಿಸಿದರೆ ಸಾಲು ಅನ್ನುವುದೇ ಇರುವುದಿಲ್ಲ. ಈ ವಯಸ್ಸಿಗೆ ಇದಕ್ಕಿಂತ ಉಪಯೋಗಕ್ಕೆ ಬರುವ ಲೆಕ್ಕ ಇನ್ನೊಂದಿಲ್ಲ. ಮ್ಯಾಚ್‌ನಲ್ಲಿ ಯಾರು ಎಷ್ಟು ಗೋಲು ಹೊಡೆದರು ಎಂದು ಈ ವಯಸ್ಸಿನಲ್ಲಿ ಬರೆದಿಡುವುದು ಬೇಡ.

ಮ್ಯಾಚ್ ನಡೆಯುವಾಗ ಬರೆಯುವ ಹಾಳೆ ಹೇಗಿರಬೇಕು?

ಒಂದು ಎ4 ಹಾಳೆಯನ್ನು ಅಡ್ಡ ಇಟ್ಟುಕೊಂಡು ನಾಲ್ಕು ಕ್ವಾರ್ಟರ್‌ಗೆ ನಾಲ್ಕು ಕಂಬ ಎಳೆಯಿರಿ. ಸಾಲುಗಳಲ್ಲಿ ಡಿ ಪ್ರವೇಶ: ಎಡ, ನಡು, ಬಲ. ಪ್ರತಿ ಪ್ರವೇಶಕ್ಕೂ ಬರೀ ಗೀಟು ಎಳೆಯದೆ ಅದು ಹೇಗೆ ಮುಗಿಯಿತು ಅನ್ನುವ ಒಂದಕ್ಷರ ಬರೆಯಿರಿ. "ಹೊ" ಅಂದರೆ ಗೋಲಿಗೆ ಹೊಡೆತ, "ಪೆ" ಅಂದರೆ ಪೆನಾಲ್ಟಿ ಕಾರ್ನರ್, "ಕ" ಅಂದರೆ ಬಾಲ್ ಕಳೆದುಕೊಂಡದ್ದು, "ಫೌ" ಅಂದರೆ ನಮ್ಮ ಕಡೆಯ ಫೌಲ್. ಗೋಲಾದರೆ "ಹೊ" ಸುತ್ತ ಒಂದು ಸೊನ್ನೆ. ಹಾಳೆಯ ಕೆಳಗೆ ಇದನ್ನೇ ಎದುರಾಳಿ ತಂಡಕ್ಕೂ ಮಾಡಿ. ಅಷ್ಟೇ.

ಒಬ್ಬರು ಒಂದು ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ಬಗೆಯ ಘಟನೆಗಳನ್ನು ಸರಿಯಾಗಿ ಹಿಡಿಯಲಾರರು. ಹೆಚ್ಚು ಬೇಕಿದ್ದರೆ ಇನ್ನೊಬ್ಬರನ್ನು ಕೂರಿಸಿ. ಎಣಿಸುವ ಕೆಲಸ ಕೋಚ್‌ದಂತೂ ಅಲ್ಲ. ತಲೆ ತಗ್ಗಿಸಿ ಬರೆಯುವ ಹೊತ್ತಿಗೆ ಮ್ಯಾಚ್ ಕೈಬಿಟ್ಟು ಹೋಗಿರುತ್ತದೆ.

ಇಬ್ಬರು ಎಣಿಸಿದರೆ ಎರಡು ಸಂಖ್ಯೆ ಬರುತ್ತದೆ. ಯಾವುದು ಸರಿ?

ಬಹುಶಃ ಎರಡೂ ಸರಿ ಇರುತ್ತವೆ, ವ್ಯಾಖ್ಯೆ ಮಾತ್ರ ಬೇರೆ. "ಡಿ ಪ್ರವೇಶ" ಅಂದರೆ ಏನು? ದೂರದಿಂದ ಬೀಸಿ ಹೊಡೆದ ಬಾಲ್ ಯಾರಿಗೂ ತಾಗದೆ ಡಿ ದಾಟಿ ಬ್ಯಾಕ್‌ಲೈನ್ ಆಚೆ ಹೋಯಿತು, ಇದು ಪ್ರವೇಶವೇ? ನಮ್ಮ ಸಲಹೆ ಹೀಗೆ: ಡಿ ಗೆರೆಯ ಒಳಗೆ ನಮ್ಮ ಆಟಗಾರರ ಸ್ಟಿಕ್ ಬಾಲಿಗೆ ತಾಗಿದರೆ ಮಾತ್ರ ಪ್ರವೇಶ. ಡಿ ಒಳಗೆ ದಾಳಿ ಮಾಡುವವರ ಸ್ಟಿಕ್ ತಾಗದೆ ಗೋಲು ಆಗುವುದಿಲ್ಲ ಅನ್ನುವ ನಿಯಮಕ್ಕೂ ಇದು ಹೊಂದುತ್ತದೆ. ಬಾಲ್ ಹೊರಗೆ ಹೋಗಿ ಐದೇ ಸೆಕೆಂಡಿನಲ್ಲಿ ಮತ್ತೆ ಒಳಗೆ ಬಂದರೆ? ಹೊಸ ಪ್ರವೇಶ ಎಂದೇ ಇಟ್ಟುಕೊಳ್ಳಿ. ಯಾವ ವ್ಯಾಖ್ಯೆ ಆರಿಸಿದರೂ ನಡೆಯುತ್ತದೆ, ಆದರೆ ಅದು ಹಾಳೆಯ ಹಿಂಬದಿಯಲ್ಲಿ ಬರೆದಿರಬೇಕು, ನಡು ಸೀಸನ್‌ನಲ್ಲಿ ಬದಲಾಗಬಾರದು.

ಎಣಿಸುವವರನ್ನು ಪರೀಕ್ಷಿಸಲು ಒಂದು ಕ್ವಾರ್ಟರ್‌ನ ವಿಡಿಯೋ ಸಾಕು. ಇಬ್ಬರೂ ಬೇರೆ ಬೇರೆ ಕೂತು, ಪ್ರತಿ ಪ್ರವೇಶಕ್ಕೂ ಗಡಿಯಾರದ ಹೊತ್ತನ್ನು ಬರೆಯಲಿ. ಒಬ್ಬರಿಗೆ 9 ಸಿಕ್ಕಿತು, ಇನ್ನೊಬ್ಬರಿಗೆ 12. ಬರೀ ಮೊತ್ತ ನೋಡಿದರೆ ಮೂರೇ ವ್ಯತ್ಯಾಸ ಅನಿಸುತ್ತದೆ. ಹೊತ್ತುಗಳನ್ನು ಪಕ್ಕಪಕ್ಕ ಇಟ್ಟಾಗ ಇಬ್ಬರೂ ಗುರುತಿಸಿದವು 8, ಒಬ್ಬರಾದರೂ ಗುರುತಿಸಿದವು 13. ಅಂದರೆ ಹೊಂದಿಕೆ ಶೇ. 62 ಮಾತ್ರ. ಶೇ. 85 ದಾಟುವವರೆಗೆ ಆ ಸಂಖ್ಯೆಯನ್ನು ಯಾರ ಮುಂದೆಯೂ ಇಡಬೇಡಿ. ಹೊಂದದ ಐದನ್ನು ಮತ್ತೆ ನೋಡಿದರೆ ವ್ಯಾಖ್ಯೆಯ ಯಾವ ಸಾಲು ಸಡಿಲವಾಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಆಟಗಾರರನ್ನು ಹೋಲಿಸುವಾಗ ಒಟ್ಟು ಸಂಖ್ಯೆ ನೋಡಬಹುದೇ?

ನೋಡಿದರೆ ಮೋಸ ಹೋಗುತ್ತೀರಿ. ಹಾಕಿಯಲ್ಲಿ ಬದಲಿ ಆಟಗಾರರು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಹೋಗಿ ಬರಬಹುದು. ಹಾಗಾಗಿ ಒಬ್ಬಳು 50 ನಿಮಿಷ ಆಡಿದರೆ ಇನ್ನೊಬ್ಬಳು 20 ನಿಮಿಷ ಆಡಿರುತ್ತಾಳೆ. ಟ್ಯಾಕಲ್ (ಎದುರಾಳಿಯಿಂದ ಬಾಲ್ ಕಸಿಯುವುದು), ಇಂಟರ್‌ಸೆಪ್ಶನ್ (ಅವರ ಪಾಸನ್ನು ನಡುವೆಯೇ ಹಿಡಿಯುವುದು) ಇವನ್ನು ಆಡಿದ ಪ್ರತಿ 15 ನಿಮಿಷಕ್ಕೆ ಎಷ್ಟು ಎಂದು ನೋಡಿ. ಬಾಲ್ ಕಳೆದುಕೊಂಡದ್ದನ್ನು ನಿಮಿಷಕ್ಕೆ ಹೋಲಿಸುವುದೂ ತಪ್ಪು, ಪ್ರತಿ 10 ಸಲ ಬಾಲ್ ಸಿಕ್ಕಾಗ ಎಷ್ಟು ಸಲ ಕಳೆದಳು ಎಂದು ನೋಡಬೇಕು. ನಡುಗಳದಲ್ಲಿ ಆಡುವ ಹುಡುಗಿಗೆ ಬಾಲ್ ಹೆಚ್ಚು ಸಿಗುತ್ತದೆ, ಹೆಚ್ಚು ಕಳೆಯುತ್ತಾಳೆ. ಅದು ಅವಳ ತಪ್ಪಲ್ಲ, ಅವಳ ಜಾಗದ ಸ್ವಭಾವ. ಫುಲ್‌ಬ್ಯಾಕ್ ಜೊತೆ ಫಾರ್ವರ್ಡ್‌ನ್ನು ಈ ಲೆಕ್ಕದಲ್ಲಿ ಹೋಲಿಸುವುದಂತೂ ಅನ್ಯಾಯ. ಡಿ ಒಳಗೆ ಸಾಹಸ ಮಾಡಲೇಬೇಕಾದವರು ಫಾರ್ವರ್ಡ್‌ಗಳು.

ಇನ್ನೊಂದು ಮಾತು. 5 ಹೊಡೆತದಲ್ಲಿ 2 ಗೋಲು, 5 ಹೊಡೆತದಲ್ಲಿ 1 ಗೋಲು: ಶೇಕಡಾವಾರು ಹೇಳಿದರೆ 40 ಮತ್ತು 20, ಕೇಳುವವರಿಗೆ ದುಪ್ಪಟ್ಟು. ನಿಜದಲ್ಲಿ ಇರುವುದು ಒಂದು ಬಾಲಿನ ವ್ಯತ್ಯಾಸ. 20ಕ್ಕಿಂತ ಕಡಿಮೆ ಸಲ ಆದದ್ದಕ್ಕೆ ಶೇಕಡಾವಾರು ಬಳಸದೆ "5ರಲ್ಲಿ 2" ಎಂದೇ ಹೇಳುವ ರೂಢಿ ಇಟ್ಟುಕೊಳ್ಳಿ.

ಸಂಖ್ಯೆಯಿಂದ ಡ್ರಿಲ್‌ಗೆ ಹೋಗುವುದು ಹೇಗೆ?

ಒಂದು ಮಾದರಿ ಲೆಕ್ಕ ನೋಡೋಣ. 14 ವರ್ಷದ ಮಿಡ್‌ಫೀಲ್ಡರ್. ಮ್ಯಾಚ್‌ನಲ್ಲಿ 24 ಸಲ ಪಾಸ್ ಅವಳ ಸ್ಟಿಕ್‌ಗೆ ಬಂತು, 9 ಸಲ ಮುಂದಿನ ಎರಡು ಸೆಕೆಂಡಿನೊಳಗೆ ಬಾಲ್ ಹೋಯಿತು. ಇಷ್ಟನ್ನೇ ನೋಡಿ "ಟ್ರ್ಯಾಪಿಂಗ್ ಸರಿ ಇಲ್ಲ" ಎಂದು ನಿರ್ಧರಿಸಿ ಗೋಡೆಗೆ ಹೊಡೆದು ಬಾಲ್ ನಿಲ್ಲಿಸುವ ಅಭ್ಯಾಸ ಕೊಡುವುದು ಸುಲಭ. ಸ್ವಲ್ಪ ತಾಳಿ. ವಿಡಿಯೋದಲ್ಲಿ ಆ 24ನ್ನೂ ಮತ್ತೆ ನೋಡಿ ಒಂದೇ ಹೊಸ ವಿಷಯ ಗುರುತು ಹಾಕಿ: ಬಾಲ್ ಬರುವ ಮೊದಲು ಅವಳು ಹೆಗಲ ಮೇಲಿಂದ ಹಿಂದಕ್ಕೆ ನೋಡಿದಳೇ?

ನೋಡಿದ್ದು 11 ಸಲ, ಅದರಲ್ಲಿ ಕಳೆದದ್ದು 2. ನೋಡದೆ ಇದ್ದದ್ದು 13 ಸಲ, ಕಳೆದದ್ದು 7. ಬಾಲ್ ನಿಲ್ಲಿಸುವ ಕೈ ಸರಿಯಾಗಿಯೇ ಇದೆ. ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂದು ಗೊತ್ತಿಲ್ಲದೆ ಅವಳು ಅವರ ಸ್ಟಿಕ್‌ನೊಳಕ್ಕೇ ತಿರುಗುತ್ತಿದ್ದಾಳೆ. ಇದಕ್ಕೆ ಗೋಡೆ ಅಭ್ಯಾಸ ಮದ್ದಲ್ಲ. ಮೂವರ ಡ್ರಿಲ್ ಬೇಕು: ಒಬ್ಬರು 12 ಮೀಟರ್ ದೂರದಿಂದ ಪಾಸ್ ಕೊಡುತ್ತಾರೆ, ಇನ್ನೊಬ್ಬರು ಅವಳ ಬೆನ್ನ ಹಿಂದೆ ಎಡಕ್ಕೋ ಬಲಕ್ಕೋ ಸರಿಯುತ್ತಾರೆ, ಅವಳು ಖಾಲಿ ಇರುವ ಕಡೆಗೆ ಮೊದಲ ಟಚ್ ತೆಗೆದುಕೊಳ್ಳಬೇಕು. ಹಿಂದಿರುವವರು ಸರಿಯುವುದು ಪಾಸ್ ಹೊರಡುವ ಕ್ಷಣದಲ್ಲಿ ಆಗಬೇಕು. ಮೊದಲೇ ಸರಿದು ನಿಂತರೆ ಒಂದು ಸಲ ನೋಡಿ ಸುಮ್ಮನಾಗುತ್ತಾಳೆ, ಪದೇ ಪದೇ ನೋಡುವ ಅಭ್ಯಾಸ ಬರುವುದಿಲ್ಲ.

ಒಂದು ಮ್ಯಾಚ್‌ನ 24 ಸಲ ಅನ್ನುವುದು ಕಡಿಮೆಯೇ. ಡ್ರಿಲ್ ಶುರು ಮಾಡಲು ಸಾಕು, ತೀರ್ಪು ಕೊಡಲು ಸಾಲದು. ಇನ್ನೆರಡು ಮ್ಯಾಚ್‌ನಲ್ಲಿ ಅದನ್ನೇ ಎಣಿಸಿ.

ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಬರುತ್ತಿಲ್ಲ. ಏನನ್ನು ಅಳೆಯಬೇಕು?

ಕಾರ್ನರ್ ಅನ್ನುವುದು ಒಂದು ಸರಪಳಿ: ಬ್ಯಾಕ್‌ಲೈನ್‌ನಿಂದ ಬಾಲ್ ತಳ್ಳುವ ಪುಷ್, ಡಿ ಆಚೆ ಅದನ್ನು ನಿಲ್ಲಿಸುವ ಸ್ಟಾಪ್, ಆಮೇಲೆ ಗೋಲಿಗೆ ಹೊಡೆತ. ಗೋಲನ್ನಷ್ಟೇ ಎಣಿಸಿದರೆ ಯಾವ ಕೊಂಡಿ ಕಳಚಿತು ಅನ್ನುವುದು ತಿಳಿಯುವುದಿಲ್ಲ. ಪ್ರಾಕ್ಟೀಸ್‌ನಲ್ಲಿ 20 ಕಾರ್ನರ್ ಹಾಕಿಸಿ, ಮೂರು ಕಡೆ ಗುರುತು ಹಾಕಿ. ಪುಷ್ ಮಾಡಿದ ಬಾಲ್ ಸ್ಟಾಪರ್‌ನ ಸ್ಟಿಕ್ ಅಳತೆಯೊಳಗೆ ಬಂದದ್ದು 17. ಆ 17ರಲ್ಲಿ ಬಾಲ್ ಅಲ್ಲಾಡದೆ ನಿಂತದ್ದು 11. ಆ 11ರಲ್ಲಿ ಹೊಡೆತ ಗೋಲಿನ ಚೌಕಟ್ಟಿಗೆ ಹೋದದ್ದು 8. ಅಂದರೆ ಕ್ರಮವಾಗಿ ಶೇ. 85, 65, 73. ಡ್ರ್ಯಾಗ್ ಫ್ಲಿಕ್ (ಬಾಲನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿಗೆ ಎಸೆಯುವುದು) ಹೊಡೆಯುವ ಹುಡುಗನನ್ನು ಎಲ್ಲರೂ ಬೈಯುತ್ತಿರುತ್ತಾರೆ, ಸೋರುತ್ತಿರುವುದು ಸ್ಟಾಪ್‌ನಲ್ಲಿ.

ಹಾಗಂತ ಸ್ಟಾಪರ್‌ನನ್ನು ಬೈಯಲು ಹೊರಡಬೇಡಿ. ನಿಲ್ಲದ ಆ ಆರು ಬಾಲ್‌ಗಳನ್ನು ನಿಧಾನಗತಿಯಲ್ಲಿ ನೋಡಿ. ನಾಲ್ಕು ಬಾಲ್ ಪುಟಿಯುತ್ತಾ ಬಂದಿದ್ದರೆ? ದಿಕ್ಕು ಸರಿ ಇದ್ದುದರಿಂದ ಅವನ್ನು ಒಳ್ಳೆಯ ಪುಷ್ ಎಂದು ಬರೆದಿರುತ್ತೀರಿ. ಪುಷ್ ಮಾಡುವವರು ಬಾಲ್ ಸ್ಟಿಕ್ ಬಿಡುವ ಮೊದಲೇ ಮೈ ಎತ್ತಿದರೆ, ಸ್ಟಿಕ್‌ನ ಮುಖ ಮೇಲ್ಮುಖವಾದರೆ ಬಾಲ್ ನೆಲ ಬಿಡುತ್ತದೆ. ಈಗ ವ್ಯಾಖ್ಯೆ ತಿದ್ದಿಕೊಳ್ಳಿ: ಒಳ್ಳೆಯ ಪುಷ್ ಅಂದರೆ ಜಾಗಕ್ಕೆ ಬಂದದ್ದು, ಜೊತೆಗೆ ನೆಲಕ್ಕೆ ಅಂಟಿಕೊಂಡು ಬಂದದ್ದು. ಸಂಖ್ಯೆ ಜಾಗ ತೋರಿಸುತ್ತದೆ, ಕಾರಣ ಸಿಗುವುದು ಕಣ್ಣಿಗೆ.

ವೇಗವನ್ನು ಫ್ರೇಮ್ ಎಣಿಸಿ ಅಳೆಯಬಹುದು. ಸೆಕೆಂಡಿಗೆ 60 ಫ್ರೇಮ್‌ನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 0.017 ಸೆಕೆಂಡ್. ಬಾಲ್ ಬ್ಯಾಕ್‌ಲೈನ್‌ನಿಂದ ಹೊರಟ ಫ್ರೇಮ್‌ನಿಂದ ಹೊಡೆತದ ಫ್ರೇಮ್‌ವರೆಗೆ ಎಣಿಸಿ 60ರಿಂದ ಭಾಗಿಸಿ. ಹೊಡೆತಕ್ಕೆ ಮೊದಲು ಬಾಲ್ ಡಿ ಆಚೆ ಹೋಗಿರಲೇಬೇಕು, ಮೊದಲ ಹೊಡೆತ ಬೀಸಿ ಹೊಡೆದ ಹಿಟ್ ಆಗಿದ್ದರೆ ಗೋಲ್‌ಲೈನ್ ದಾಟುವಾಗ 460 ಮಿ.ಮೀ. ಎತ್ತರದ ಬ್ಯಾಕ್‌ಬೋರ್ಡ್ ಮೀರಬಾರದು. ಅಭ್ಯಾಸದಲ್ಲಿ ಈ ಎರಡನ್ನೂ ಮೀರಿದ ಬಾಲ್‌ಗಳನ್ನು "ಗೋಲು" ಎಂದು ಬರೆಯುವ ತಪ್ಪು ಬಹಳ ಸಾಮಾನ್ಯ.

ಡ್ರ್ಯಾಗ್ ಫ್ಲಿಕ್ ಬೆಳೆಯುವ ಮಕ್ಕಳ ಸೊಂಟವನ್ನು ತಿರುಚಿ ಬಾಗಿಸುವ ಕೌಶಲ. ಹಾಗಾಗಿ ಗೋಲಿಗಿಂತ ಮೊದಲು ವಾರಕ್ಕೆ ಒಟ್ಟು ಎಷ್ಟು ಫ್ಲಿಕ್ ಹೊಡೆಸಿದಿರಿ ಅನ್ನುವುದನ್ನು ಬರೆದಿಡಿ. ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬನೇ ನಿಂತು ಹೊಡೆದದ್ದೂ ಸೇರಿ. ಬೆನ್ನಿನ ಕೆಳಭಾಗ ನೋಯುತ್ತದೆ ಎಂದ ದಿನ ಫ್ಲಿಕ್ ನಿಲ್ಲಬೇಕು. ನೋವು ಮರುಕಳಿಸಿದರೆ ವೈದ್ಯರಿಗೆ ತೋರಿಸಬೇಕು.

ಗೋಲ್‌ಕೀಪರ್‌ಗೆ ಸೇವ್ ಶೇಕಡಾವಾರು ಸಾಕೇ?

ಸಾಲದು. ಮುಂದಿರುವ ಡಿಫೆನ್ಸ್ ಎಷ್ಟು ಗಟ್ಟಿ ಅನ್ನುವುದನ್ನೇ ಆ ಸಂಖ್ಯೆ ಹೆಚ್ಚಾಗಿ ಹೇಳುತ್ತದೆ. ಡಿ ಅಂಚಿನಿಂದ, ಅಂದರೆ 14 ಮೀಟರ್ ಆಚೆಯಿಂದ ಬಂದ ಹೊಡೆತವನ್ನೂ, 3 ಮೀಟರ್‌ನಿಂದ ತಿರುಗಿಸಿದ ಬಾಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಹೊಡೆತ ಬಂದ ಜಾಗವನ್ನು ಹತ್ತಿರ, ದೂರ ಎಂದಾದರೂ ಬೇರ್ಪಡಿಸಿ. ಜೊತೆಗೆ ತಡೆದ ಬಾಲ್ ಎಲ್ಲಿಗೆ ಹೋಯಿತು ಎಂದು ಬರೆಯಿರಿ: ಪಕ್ಕಕ್ಕೆ, ಡಿ ಹೊರಗೆ, ಅಥವಾ ಮತ್ತೆ ನಡುವಿಗೆ. ಕಿರಿಯರ ಆಟದಲ್ಲಿ ಎಷ್ಟೋ ಗೋಲು ಎರಡನೇ ಹೊಡೆತದಲ್ಲಿ ಬರುತ್ತವೆ. ನಡುವಿಗೇ ಹೋಗುವ ಬಾಲ್ ಕಡಿಮೆಯಾಗುತ್ತಿದ್ದರೆ ಕೀಪರ್ ಸುಧಾರಿಸುತ್ತಿದ್ದಾಳೆ, ಆ ದಿನ ನಾಲ್ಕು ಗೋಲು ಬಿಟ್ಟಿದ್ದರೂ ಸರಿಯೇ.

ವಿಡಿಯೋ ಎಲ್ಲಿಂದ ತೆಗೆಯಬೇಕು?

ನಡುಗೆರೆಯ ನೇರಕ್ಕೆ, ಆದಷ್ಟು ಎತ್ತರದಿಂದ. ನೆಲದ ಮಟ್ಟದಲ್ಲಿ ತೆಗೆದರೆ ಆಟಗಾರರು ಒಬ್ಬರ ಹಿಂದೊಬ್ಬರು ಮರೆಯಾಗುತ್ತಾರೆ, ಅವರ ನಡುವಿನ ಅಂತರ ತಿಳಿಯುವುದೇ ಇಲ್ಲ. ಬಾಲ್ ಹಿಂದೆ ಜೂಮ್ ಮಾಡುತ್ತಾ ಹೋಗುವುದು ಎಲ್ಲರೂ ಮಾಡುವ ತಪ್ಪು. ಬಾಲ್ ಸುತ್ತ ಹತ್ತು ಮೀಟರ್ ಮಾತ್ರ ಸಿಕ್ಕರೆ ಪಾಸ್ ಕೊಡಬಹುದಾಗಿದ್ದ ಆಟಗಾರ್ತಿ ಚೌಕಟ್ಟಿನ ಹೊರಗಿರುತ್ತಾಳೆ. ಮೈದಾನದ ಉದ್ದ 91.4 ಮೀಟರ್, ಎಲ್ಲವೂ ಒಂದೇ ಚೌಕಟ್ಟಿಗೆ ಬರುವುದಿಲ್ಲ. ಬಾಲ್ ಇರುವ ಅರ್ಧ ಪೂರ್ತಿ ಕಾಣುವಂತೆ ನಿಧಾನವಾಗಿ ತಿರುಗಿಸಿ. ಒದ್ದೆ ಟರ್ಫ್ ಮೇಲೆ ಬಿಸಿಲು ಹೊಳೆಯುವಾಗ ಬಾಲ್ ಕಾಣೆಯಾಗುತ್ತದೆ, ಸೂರ್ಯ ಬೆನ್ನ ಹಿಂದಿರುವ ಬದಿಯನ್ನೇ ಆರಿಸಿ. ಚಿತ್ರೀಕರಣಕ್ಕೆ ಎರಡೂ ತಂಡಗಳ ಒಪ್ಪಿಗೆ ಬೇಕು ಅನ್ನುವುದನ್ನು ಮರೆಯಬೇಡಿ.

ಓಟದ ಪರೀಕ್ಷೆಯಲ್ಲಿ ಸುಧಾರಣೆ ನಿಜವೋ ಅಲ್ಲವೋ ಹೇಗೆ ಗೊತ್ತಾಗುತ್ತದೆ?

ಮೊದಲು ನಿಮ್ಮ ಅಳತೆಯಲ್ಲೇ ಎಷ್ಟು ಅಲುಗಾಟ ಇದೆ ಎಂದು ತಿಳಿಯಬೇಕು. ಆರು ಮಕ್ಕಳಿಗೆ 10 ಮೀಟರ್ ಓಟವನ್ನು ಎರಡು ದಿನ ಬಿಟ್ಟು ಮತ್ತೆ ಮಾಡಿಸಿ. ಎರಡು ದಿನದಲ್ಲಿ ಯಾರೂ ನಿಜವಾಗಿ ವೇಗಿಗಳಾಗುವುದಿಲ್ಲ. ಎರಡನೇ ದಿನದ ವ್ಯತ್ಯಾಸ ಹೀಗೆ ಬಂತು ಅನ್ನಿ: +0.04, −0.06, +0.02, +0.08, −0.02, −0.06 ಸೆಕೆಂಡ್. ಇವುಗಳ ಪ್ರಮಾಣಿತ ವಿಚಲನೆ (ಸಂಖ್ಯೆಗಳು ಎಷ್ಟು ಹರಡಿವೆ ಅನ್ನುವ ಅಳತೆ) ಸುಮಾರು 0.057, ಸ್ಪ್ರೆಡ್‌ಶೀಟ್ ಒಂದೇ ಸೂತ್ರದಲ್ಲಿ ಹೇಳುತ್ತದೆ. ಅದರ ದುಪ್ಪಟ್ಟು 0.11. ನಿಮ್ಮ ಕೈ, ನಿಮ್ಮ ಗಡಿಯಾರ, ನಿಮ್ಮ ಮೈದಾನದಲ್ಲಿ 0.11 ಸೆಕೆಂಡ್‌ಗಿಂತ ಕಡಿಮೆ ಬದಲಾವಣೆಯನ್ನು ಸುಧಾರಣೆ ಎನ್ನುವಂತಿಲ್ಲ, ಕುಸಿತ ಎನ್ನುವಂತೆಯೂ ಇಲ್ಲ. ಆರು ಮಕ್ಕಳ ಲೆಕ್ಕ ಅಂದಾಜು ಮಾತ್ರ, ಹದಿನೈದು ಮಕ್ಕಳಿದ್ದರೆ ಇನ್ನೂ ಗಟ್ಟಿ.

ಅಲುಗಾಟ ಕಡಿಮೆ ಮಾಡುವ ದಾರಿಗಳು ಸರಳ. ಒಬ್ಬರೇ ಎಲ್ಲ ಸಲವೂ ಗಡಿಯಾರ ಹಿಡಿಯಲಿ. "ರೆಡಿ, ಗೋ" ಅನ್ನದೆ ಮಗುವಿನ ಹಿಂಗಾಲು ಅಲ್ಲಾಡಿದಾಗ ಒತ್ತಲಿ. ಹಿಡಿಯುವವರು ಕೊನೆಯ ಗೆರೆಯ ನೇರಕ್ಕೆ ನಿಲ್ಲಲಿ. ಇನ್ನೂ ಒಳ್ಳೆಯದು, 60 ಫ್ರೇಮ್‌ನ ಮೊಬೈಲ್ ವಿಡಿಯೋ. ಓಟ ಮೂರು ಸಲ, ನಡುವೆ ಎರಡು-ಮೂರು ನಿಮಿಷ ವಿರಾಮ, ಅತ್ಯುತ್ತಮವಾದದ್ದನ್ನು ಬರೆಯಿರಿ. ಒದ್ದೆ ಟರ್ಫ್‌ನ ಸಮಯವನ್ನು ಒಣ ಟರ್ಫ್ ಜೊತೆ ಹೋಲಿಸಬೇಡಿ.

ದಮ್ಮು ಅಳೆಯಲು, ಬೀಪ್ ಸದ್ದಿಗೆ ತಕ್ಕಂತೆ ಎರಡು ಗೆರೆಗಳ ನಡುವೆ ಓಡುವ 20 ಮೀಟರ್ ಷಟಲ್ ಓಟ ಗಂಟೆಗೆ 8.5 ಕಿ.ಮೀ.ಯಿಂದ ಶುರುವಾಗಿ ಪ್ರತಿ ನಿಮಿಷ 0.5 ಹೆಚ್ಚುತ್ತದೆ. ಅಂಥದೇ ಆದ ಯೋ-ಯೋ ಪರೀಕ್ಷೆಯ ಮೊದಲ ಹಂತದ ರಿಕವರಿ ಬಗೆಯಲ್ಲಿ ಪ್ರತಿ 40 ಮೀಟರ್‌ಗೆ 10 ಸೆಕೆಂಡ್ ವಿರಾಮವಿದೆ. ಓಡು, ನಿಲ್ಲು, ಮತ್ತೆ ಓಡು ಅನ್ನುವ ಹಾಕಿಗೆ ಇದೇ ಹೆಚ್ಚು ಹತ್ತಿರ. ಎರಡರಲ್ಲೂ ದೂರವನ್ನು ಹೆಜ್ಜೆಯಿಂದ ಅಳೆಯಬೇಡಿ, ಟೇಪ್ ಹಿಡಿಯಿರಿ. 20ರ ಬದಲು 19 ಮೀಟರ್ ಆದರೆ ಫಲಿತಾಂಶ ಉಬ್ಬುತ್ತದೆ. ವರ್ಷಕ್ಕೆ ಮೂರು ಸಲ ಸಾಕು.

ಜಿಪಿಎಸ್, ಹಾರ್ಟ್‌ರೇಟ್ ಬೆಲ್ಟ್ ಕಿರಿಯರಿಗೆ ಬೇಕೇ?

ಅನಿವಾರ್ಯವಲ್ಲ. ಇದ್ದರೆ ಒಟ್ಟು ಕಿಲೋಮೀಟರ್ ನೋಡಿ ಮರುಳಾಗಬೇಡಿ. 45 ನಿಮಿಷದಲ್ಲಿ 4.9 ಕಿ.ಮೀ. ಓಡಿದವಳದು ನಿಮಿಷಕ್ಕೆ 109 ಮೀಟರ್. 22 ನಿಮಿಷದಲ್ಲಿ 2.9 ಕಿ.ಮೀ. ಓಡಿದವಳದು 132. ಹಾಗೆಂದು ಎರಡನೆಯವಳೇ ಗಟ್ಟಿಗಿತ್ತಿ ಎಂದೂ ಹೇಳಲಾಗದು. ಬೆಂಚಿನಲ್ಲಿ ದಣಿವಾರಿಸಿಕೊಂಡು ಚಿಕ್ಕ ಚಿಕ್ಕ ಅವಧಿ ಆಡಿದವರ ವೇಗ ಸಹಜವಾಗಿಯೇ ಹೆಚ್ಚು. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ಎಡವಟ್ಟು: ಬದಲಿಯಾಗಿ ಹೊರಬಂದಾಗಲೂ, ಕ್ವಾರ್ಟರ್ ವಿರಾಮದಲ್ಲೂ ಯಂತ್ರ ಓಡುತ್ತಿರುತ್ತದೆ, ಆ ನಿಮಿಷಗಳನ್ನು ಕತ್ತರಿಸದೆ ಸರಾಸರಿ ತೆಗೆಯುತ್ತಾರೆ. ಒಳ ಬಂದ, ಹೊರ ಹೋದ ಹೊತ್ತನ್ನು ಕಾಗದದ ಮೇಲೆ ಬರೆಯುವವರು ಬೇಕೇ ಬೇಕು. ಒಳಾಂಗಣದಲ್ಲಿ ಜಿಪಿಎಸ್ ಕೆಲಸ ಮಾಡುವುದಿಲ್ಲ.

ಹೃದಯ ಬಡಿತದ ಗರಿಷ್ಠಕ್ಕೆ "220ರಿಂದ ವಯಸ್ಸು ಕಳೆ" ಎಂಬ ಸೂತ್ರ 13 ವರ್ಷಕ್ಕೆ 207 ಅನ್ನುತ್ತದೆ, "208ರಿಂದ ವಯಸ್ಸಿನ 0.7 ಪಟ್ಟು ಕಳೆ" ಎಂಬುದು 199 ಅನ್ನುತ್ತದೆ. ಒಂದೊಂದು ಮಗುವಿಗೆ ಎರಡೂ ಹತ್ತು ಬಡಿತ ಆಚೀಚೆ ಆಗಬಹುದು. ಷಟಲ್ ಓಟದ ಕೊನೆಯಲ್ಲಿ ಆ ಮಗುವಿಗೇ ಬಂದ ಅತಿ ಹೆಚ್ಚಿನ ಸಂಖ್ಯೆ ಇವೆರಡಕ್ಕಿಂತ ನಂಬಬಹುದಾದದ್ದು.

ಮಗು ಅತಿಯಾಗಿ ದಣಿಯುತ್ತಿದೆಯೇ ಎಂದು ಯಂತ್ರವಿಲ್ಲದೆ ತಿಳಿಯುವುದು ಹೇಗೆ?

ಕೇಳಿ ತಿಳಿಯಬೇಕು. ಪ್ರಾಕ್ಟೀಸ್ ಮುಗಿದು ಸುಮಾರು ಅರ್ಧ ಗಂಟೆಗೆ "ಇವತ್ತು ಒಟ್ಟಾರೆ ಎಷ್ಟು ಕಷ್ಟ ಆಯ್ತು, 0ಯಿಂದ 10ರೊಳಗೆ ಹೇಳು" ಎಂದು ಒಬ್ಬೊಬ್ಬರನ್ನೇ ಕೇಳಿ. ಗುಂಪಿನಲ್ಲಿ ಕೇಳಿದರೆ ಮೊದಲನೆಯವನು "4" ಅಂದ ಮೇಲೆ ಯಾರೂ "8" ಅನ್ನುವುದಿಲ್ಲ. ಆ ಅಂಕವನ್ನು ನಿಮಿಷದಿಂದ ಗುಣಿಸಿ.

ಮಂಗಳವಾರ 75 ನಿಮಿಷ, ಅಂಕ 5: 375. ಗುರುವಾರ 75 ನಿಮಿಷ, ಅಂಕ 6: 450. ಶನಿವಾರ ಮ್ಯಾಚ್ 50 ನಿಮಿಷ, ಅಂಕ 8: 400. ವಾರದ ಮೊತ್ತ 1,225. ಮುಂದಿನ ವಾರ ಟೂರ್ನಿ: ಮಂಗಳವಾರದ 375, ಜೊತೆಗೆ ಮೂರು ದಿನದಲ್ಲಿ ಅಂಥವೇ ನಾಲ್ಕು ಮ್ಯಾಚ್, 1,600. ಮೊತ್ತ 1,975, ಅಂದರೆ ಶೇ. 61 ಏರಿಕೆ. ಟೂರ್ನಿ ತಪ್ಪಿಸಲಾಗದು, ಆದರೆ ಮಂಗಳವಾರವನ್ನು ಹಗುರ ಮಾಡಬಹುದು, ಬದಲಿ ಆಟಗಾರರನ್ನು ಹೆಚ್ಚು ಬಳಸಬಹುದು, ಮರುವಾರದ ಮೊದಲ ಪ್ರಾಕ್ಟೀಸನ್ನೇ ಬಿಡಬಹುದು. ಇಷ್ಟು ಅನುಪಾತ ದಾಟಿದರೆ ಗಾಯ ಗ್ಯಾರಂಟಿ ಅನ್ನುವ ಮಂತ್ರಸಂಖ್ಯೆಗಳನ್ನು ನಂಬಬೇಡಿ. ಒಮ್ಮೆಲೇ ಜಿಗಿತ ಬೇಡ ಅನ್ನುವುದಷ್ಟೇ ಇದರ ತಿರುಳು.

ಶಾಲೆಯ ಆಟ, ಬೇರೆ ಕ್ರೀಡೆ, ಇನ್ನೊಂದು ತಂಡದ ಪ್ರಾಕ್ಟೀಸ್ ಸೇರಿಸದಿದ್ದರೆ ಈ ಲೆಕ್ಕಕ್ಕೆ ಬೆಲೆಯಿಲ್ಲ. ಚೆನ್ನಾಗಿ ಆಡುವ ಮಗುವೇ ಮೂರು ತಂಡದಲ್ಲಿ ಆಡುತ್ತಿರುತ್ತದೆ, ಮೂವರು ಕೋಚ್‌ಗಳಿಗೂ ತಮ್ಮ ಪಾಲು ಮಾತ್ರ ಕಾಣುತ್ತದೆ.

ಎತ್ತರ ಯಾಕೆ ಅಳೆಯಬೇಕು?

ಕಳೆದ ತಿಂಗಳು ಲೀಲಾಜಾಲವಾಗಿ ಬಾಲ್ ಒಯ್ಯುತ್ತಿದ್ದ ಹುಡುಗ ಈಗ ಎಡವುತ್ತಿದ್ದಾನೆ, ಓಟದ ಸಮಯ ಕುಸಿದಿದೆ ಎಂದರೆ ಅದು ಸೋಮಾರಿತನ ಆಗಿರದೆ ಬೆಳವಣಿಗೆ ಆಗಿರಬಹುದು. ಎತ್ತರ ಅತಿ ವೇಗವಾಗಿ ಏರುವ ಕಾಲ ಹುಡುಗಿಯರಿಗೆ ಸರಾಸರಿ 12ರ ಸುಮಾರು, ಹುಡುಗರಿಗೆ 14ರ ಸುಮಾರು. ಒಬ್ಬೊಬ್ಬರಲ್ಲಿ ಎರಡು ವರ್ಷ ಹಿಂದೆ ಮುಂದೆ. ಈ ಹೊತ್ತಿನಲ್ಲಿ ಮಂಡಿಚಿಪ್ಪಿನ ಕೆಳಗೆ, ಹಿಮ್ಮಡಿಯಲ್ಲಿ ನೋವು ಸಾಮಾನ್ಯ. ಜಿಗಿತ, ದಿಢೀರ್ ತಿರುವು, ಫ್ಲಿಕ್ ಕಡಿಮೆ ಮಾಡಬೇಕಾದ ಕಾಲವೂ ಇದೇ.

ಮೂರು ತಿಂಗಳಿಗೊಮ್ಮೆ, ಶೂ ಬಿಚ್ಚಿಸಿ, ಗೋಡೆಗೆ ಬೆನ್ನು ಕೊಟ್ಟು, ದಿನದ ಅದೇ ಹೊತ್ತಿಗೆ, ಅದೇ ವ್ಯಕ್ತಿ ಎರಡು ಸಲ ಅಳೆಯಲಿ. ಸಂಜೆಗೆ ಎಲ್ಲರೂ ಸ್ವಲ್ಪ ಗಿಡ್ಡವಾಗಿರುತ್ತಾರೆ. ಮೂರು ತಿಂಗಳಲ್ಲಿ 1.9 ಸೆಂ.ಮೀ. ಅಂದರೆ ವರ್ಷಕ್ಕೆ 7.6ರ ವೇಗ, 7 ದಾಟಿದರೆ ಎಚ್ಚರ ವಹಿಸಿ. ಪ್ರತಿ ತಿಂಗಳು ಅಳೆದರೆ ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಅಳತೆಯಲ್ಲಿ ಅರ್ಧ ಸೆಂ.ಮೀ. ತಪ್ಪಿದರೆ ಹನ್ನೆರಡರಿಂದ ಗುಣಿಸಿದಾಗ ವರ್ಷಕ್ಕೆ 6 ಸೆಂ.ಮೀ. ತಪ್ಪು! ಮೂರು ತಿಂಗಳ ಅಂತರದಲ್ಲಿ ಅದೇ ತಪ್ಪು 2 ಸೆಂ.ಮೀ.ಗೆ ಇಳಿಯುತ್ತದೆ.

ತೂಕವನ್ನು ಮಕ್ಕಳ ಎದುರು ಓದಿ ಹೇಳಬೇಡಿ. ನಿಜವಾಗಿ ಬೇಕಿಲ್ಲದಿದ್ದರೆ ಅಳೆಯಲೇಬೇಡಿ.

ಎಣಿಸುತ್ತಾರೆ ಎಂದು ಗೊತ್ತಾದ ಮೇಲೆ ಮಕ್ಕಳ ಆಟವೇ ಬದಲಾಯಿತು. ಏನು ಮಾಡುವುದು?

ಬದಲಾಗದಿದ್ದರೆ ಆಶ್ಚರ್ಯ. ಸರಿಯಾದ ಪಾಸ್ ಎಣಿಸಿದರೆ ಎಲ್ಲರೂ ಹಿಂದಕ್ಕೆ ಪಾಸ್ ಕೊಡುತ್ತಾರೆ. ಹೊಡೆತ ಎಣಿಸಿದರೆ ಡಿ ಗೆರೆ ಮುಟ್ಟಿದ ತಕ್ಷಣ ಹೊಡೆಯುತ್ತಾರೆ. ಟ್ಯಾಕಲ್ ಎಣಿಸಿದರೆ ನಿಂತು ದಾರಿ ಮುಚ್ಚಬೇಕಾದಲ್ಲಿ ನುಗ್ಗಿ ಬೀಳುತ್ತಾರೆ. ಪ್ರತಿ ಸಂಖ್ಯೆಗೂ ಅದನ್ನು ತಡೆಯುವ ಒಂದು ಜೊತೆ ಸಂಖ್ಯೆ ಇರಲಿ: ಪಾಸ್ ಜೊತೆಗೆ ಎದುರಾಳಿಯ ಸಾಲು ದಾಟಿಸಿದ ಪಾಸ್, ಹೊಡೆತದ ಜೊತೆಗೆ ಚೌಕಟ್ಟಿಗೆ ಹೋದ ಹೊಡೆತ, ಟ್ಯಾಕಲ್ ಜೊತೆಗೆ ಎದುರಾಳಿ ನಮ್ಮವರನ್ನು ದಾಟಿ ಹೋದ ಸಲ.

ಮಗುವಿಗೆ ಹೇಗೆ ಹೇಳುವುದು?

ಮ್ಯಾಚ್ ಮುಗಿದ ಕೂಡಲೇ ಬೇಡ. ಮುಂದಿನ ಪ್ರಾಕ್ಟೀಸ್‌ಗೆ ಮೊದಲು ಮೂರು ನಿಮಿಷ, ಒಂದು ಸಂಖ್ಯೆ, ಎರಡು ಕ್ಲಿಪ್. ಸಂಖ್ಯೆಗಿಂತ ಮೊದಲು ಪ್ರಶ್ನೆ: "ಶನಿವಾರ ಬಾಲ್ ತಗೊಂಡಾಗ ಎಲ್ಲಿ ಇಕ್ಕಟ್ಟಾಯ್ತು ನಿಂಗೆ?" ಹೆಚ್ಚಿನ ಸಲ ಮಗುವೇ ಸರಿಯಾಗಿ ಹೇಳುತ್ತದೆ. ಆಮೇಲೆ ಚೆನ್ನಾಗಿ ಮಾಡಿದ ಕ್ಲಿಪ್ ಮೊದಲು, ತಪ್ಪಿದ್ದು ನಂತರ. "ಇದ್ರಲ್ಲಿ ಹಿಂದೆ ನೋಡ್ದೆ, ಎಷ್ಟು ಆರಾಮಾಗಿ ತಿರುಗ್ದೆ ನೋಡು. ಇನ್ನೊಂದ್ರಲ್ಲಿ ಏನು ಬೇರೆ?" ಅಷ್ಟು ಸಾಕು. "ನಿನ್ನ ಸಕ್ಸಸ್ ರೇಟ್ ಶೇ. 62" ಅನ್ನುವ ಮಾತು 14 ವರ್ಷದವಳಿಗೆ ಪರೀಕ್ಷೆಯ ಅಂಕದಂತೆ ಕೇಳಿಸುತ್ತದೆ, ಮುಂದೇನು ಮಾಡಬೇಕು ಎಂದು ಹೇಳುವುದಿಲ್ಲ.

ಹೋಲಿಕೆ ಆ ಮಗುವಿನ ಹಿಂದಿನ ತಿಂಗಳ ಜೊತೆ ಮಾತ್ರ. ಒಂದೇ ವಯೋಗುಂಪಿನಲ್ಲಿ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಇರುತ್ತಾರೆ, ನಡುವೆ ಹೆಚ್ಚುಕಡಿಮೆ ಒಂದು ವರ್ಷ. ಓಟದ ಪಟ್ಟಿಯ ಮೇಲಿನ ಅರ್ಧ ಎಷ್ಟೋ ಸಲ ಬರೀ ಹುಟ್ಟಿದ ತಿಂಗಳ ಪಟ್ಟಿ.

ಪೋಷಕರು ಅಂಕಿ ಕೇಳುತ್ತಾರೆ. ವಾಟ್ಸಾಪ್ ಗುಂಪಿಗೆ ಹಾಕಬಹುದೇ?

ಬೇಡ. ಅವರ ಮಗುವಿನದನ್ನು ಅವರಿಗೆ ಮಾತ್ರ, ಎದುರು ಕೂತು ತೋರಿಸಿ. ಸೀಸನ್ ಆರಂಭದಲ್ಲೇ ಏನು ಅಳೆಯುತ್ತೇವೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ ಎಂದು ಬರೆದುಕೊಟ್ಟು ಒಪ್ಪಿಗೆ ಪಡೆಯಿರಿ. ಬೇಡ ಅಂದವರ ಮಗುವಿಗೆ ಆಟದ ಅವಕಾಶ ಕಡಿಮೆಯಾಗಬಾರದು. ನೋವು, ನಿದ್ರೆ, ಎತ್ತರ, ತೂಕದ ವಿವರ ತಂಡದ ಆಯ್ಕೆಗೆ ಬಳಕೆಯಾಗುತ್ತದೆ ಎಂದು ಒಮ್ಮೆ ಅನುಮಾನ ಬಂದರೆ ಮುಗಿಯಿತು, ಆಮೇಲೆ ಯಾವ ಮಗುವೂ ನಿಜ ಹೇಳುವುದಿಲ್ಲ.

ಸ್ಪ್ರೆಡ್‌ಶೀಟ್‌ನಲ್ಲಿ ಸಾಮಾನ್ಯವಾಗಿ ಏನು ತಪ್ಪಾಗುತ್ತದೆ?

ಖಾಲಿ ಕೋಶಕ್ಕೂ ಸೊನ್ನೆಗೂ ಇರುವ ವ್ಯತ್ಯಾಸ. ಗೈರಾದವಳಿಗೆ 0 ಬರೆದರೆ ಅವಳ ಸರಾಸರಿ ಕುಸಿಯುತ್ತದೆ, ಖಾಲಿ ಬಿಡಿ. ಒಬ್ಬಳ ಹೆಸರನ್ನೇ ಎರಡು ಕಾಗುಣಿತದಲ್ಲಿ ಬರೆದರೆ ಶೀಟ್ ಪಾಲಿಗೆ ಇಬ್ಬರಾಗುತ್ತಾರೆ, ಹೆಸರಿನ ಬದಲು ಸಂಕೇತ ಸಂಖ್ಯೆ ಕೊಡಿ. ಜೆರ್ಸಿ ಸಂಖ್ಯೆ ಬೇಡ, ಅದು ಬದಲಾಗುತ್ತದೆ. 5/6 ಎಂಬ ದಿನಾಂಕ ಜೂನ್ 5ಕ್ಕೂ ಮೇ 6ಕ್ಕೂ ಹೊಂದುತ್ತದೆ, ತಿಂಗಳ ಹೆಸರು ಬರೆಯಿರಿ. ಒಂದು ಘಟನೆಗೆ ಒಂದು ಸಾಲು, ಕೋಶಗಳನ್ನು ಒಟ್ಟುಗೂಡಿಸಬೇಡಿ. ಮ್ಯಾಚ್ ಹಾಳೆಯನ್ನು ಅದೇ ದಿನ ಶೀಟ್‌ಗೆ ಏರಿಸಿ. ಎರಡು ದಿನ ಬಿಟ್ಟರೆ "ಪೆ" ಯಾವುದು "ಫೌ" ಯಾವುದು ಎಂದು ಬರೆದವರಿಗೇ ತಿಳಿಯದು.

ಎಣಿಸಲು ಜನವೇ ಇಲ್ಲ.

ಬೆಂಚಿನಲ್ಲಿ ಕೂತವರಿದ್ದಾರಲ್ಲ! ಗಾಯವಾಗಿ ಆಡಲಾಗದವರು, ಆ ದಿನ ತಂಡದಲ್ಲಿ ಇಲ್ಲದ ಹಿರಿಯ ಮಕ್ಕಳು ಒಂದು ಕ್ವಾರ್ಟರ್‌ಗೆ ಒಬ್ಬರಂತೆ ಎದುರಾಳಿಯ ಡಿ ಪ್ರವೇಶ ಎಣಿಸಲಿ. ಸ್ವಂತ ತಂಡದ ಗೆಳೆಯರನ್ನು ಎಣಿಸಲು ಹಾಕಬೇಡಿ, ಜಗಳಕ್ಕೆ ದಾರಿ. ಎಣಿಸಿದವರನ್ನೇ ವಿರಾಮದ ಎರಡು ನಿಮಿಷದಲ್ಲಿ "ಅವ್ರು ಯಾವ ಕಡೆಯಿಂದ ಜಾಸ್ತಿ ಬರ್ತಿದ್ದಾರೆ?" ಎಂದು ತಂಡದ ಎದುರು ಕೇಳಿ. "ಬಲಗಡೆಯಿಂದ ಆರು ಸಲ, ನಡುವಿಂದ ಒಂದೇ" ಎಂದು ಬೆಂಚಿನವನು ಹೇಳಿದ್ದನ್ನು ಅವರ ಬಲಕ್ಕೆ ಎದುರಾಗಿ ನಮ್ಮ ಎಡದಲ್ಲಿ ಲೆಫ್ಟ್ ಹಾಫ್ ಆಡುವವನು ಕೋಚ್ ಹೇಳಿದ್ದಕ್ಕಿಂತ ಬೇಗ ಕೇಳುತ್ತಾನೆ.